ದೇವರ ಬೆನ್ನ ಹಿಂದಿನ ಬಟ್ಟೆಬಾವಿ

ಎಲ್ಲರಿಗೂ ತಮ್ಮ ಹೆದರಿಕೆ ಹುಟ್ಟಿದ ಜಾಗ ಗೊತ್ತಿರುವುದಿಲ್ಲ. ನನಗೆ ಗೊತ್ತಿದೆ. ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ, ರೈಲು ಹಳಿಯಿಂದ ಎರಡು ಬೀದಿ ಈಚೆಗಿದ್ದ ನಮ್ಮ ಹಳೆಯ ಇಟ್ಟಿಗೆ ಮನೆ; ಅದರ ಮಹಡಿಯ ಕಿರಿದಾದ ಪ್ಯಾಸೇಜು; ಬಚ್ಚಲ ಬಾಗಿಲಿನ ಎಡಗಡೆ. ಅಲ್ಲಿ ಗೋಡೆಯಲ್ಲಿ, ಹತ್ತು ವರ್ಷದ ನನ್ನ ಎದೆಯ ಎತ್ತರಕ್ಕೆ, ಹಿತ್ತಾಳೆ ಹಿಡಿಯ ಒಂದು ಪುಟ್ಟ ಬಿಳಿ ಬಾಗಿಲಿತ್ತು. ತೆರೆದರೆ ಒಳಗೆ ಕತ್ತಲು, ಕತ್ತಲಿನಿಂದ ಮುಖಕ್ಕೆ ಬಡಿಯುವ ತಣ್ಣನೆಯ ಗಾಳಿ. ಕೊಳೆ ಬಟ್ಟೆಯನ್ನು ಅದರೊಳಗೆ ಬಿಟ್ಟರೆ ತಗಡಿನ ಕೊಳವೆಯಲ್ಲಿ ಸರಸರ ಜಾರಿ, ನಡುವೆ ಒಂದು ತಿರುವು ತೆಗೆದುಕೊಂಡು, ಕೆಳಗಿನ ಲಾಂಡ್ರಿ ಕೋಣೆಯ ಬೆತ್ತದ ಬುಟ್ಟಿಗೆ ಬೀಳುತ್ತಿತ್ತು. ಮನೆ ಮಾರಿದವರು ಅದನ್ನು ಲಾಂಡ್ರಿ ಚ್ಯೂಟ್ ಎಂದಿದ್ದರು. ಅಪ್ಪ ಮೊದಲ ದಿನವೇ ಅದಕ್ಕೆ ಬಟ್ಟೆಬಾವಿ ಎಂದು ನಾಮಕರಣ ಮಾಡಿದರು, ಎರಡನೆಯ ದಿನ ತಮ್ಮ ಪ್ಯಾಂಟನ್ನು ಬೆಲ್ಟಿನ ಸಮೇತ ಎಸೆದು, ಕೆಳಗೆ ಬುಟ್ಟಿಗೆ ಬಗ್ಗಿದ್ದ ಅಮ್ಮನ ನೆತ್ತಿಗೆ ಬಕಲ್ ಬಡಿಸಿದರು. ಅಂದಿನಿಂದ ಮನೆಯಲ್ಲಿ ಒಂದು ಕಾನೂನು ಜಾರಿಯಾಯಿತು. ಬಟ್ಟೆ ಬಿಡುವ ಮುಂಚೆ ಮೇಲಿದ್ದವರು ಬಾವಿಯೊಳಗೆ ಬಾಯಿಟ್ಟು ಕೂಗಬೇಕು:

"ಬಂತೂ!"

ಕೆಳಗಿನಿಂದ ಅಮ್ಮ ಉತ್ತರ ಕೊಡಬೇಕು:

"ಬರ್ಲಿ!"

ಉತ್ತರ ಬಾರದಿದ್ದರೆ ಬಟ್ಟೆ ಹಿಡಿದುಕೊಂಡು ನಿಂತಿರಬೇಕು. ನಾನು ಎಷ್ಟೋ ಸಲ ಹಾಗೆ ನಿಂತಿದ್ದೇನೆ, ಸ್ಕೂಲ್ ಯೂನಿಫಾರ್ಮು ಅಪ್ಪಿಕೊಂಡು, ಅಮ್ಮ ಕೆಳಗೆ ಸತ್ತೇಹೋದಳೇನೋ ಎಂದು ನಡುಗುತ್ತ. ಆಕೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿರುತ್ತಿದ್ದಳು, ಅಷ್ಟೇ. ಆದರೆ ಹೀಗೆ ಕಾಯುವಾಗ ನಾನೊಂದು ಸಂಗತಿ ಕಂಡುಕೊಂಡಿದ್ದೆ: ಈ ಬಾವಿಯಲ್ಲಿ ಬಟ್ಟೆ ಕೆಳಗೆ ಹೋಗುತ್ತದೆ, ಮಾತು ಮೇಲೆ ಬರುತ್ತದೆ. ಅಪ್ಪ ಅಮ್ಮ ಲಾಂಡ್ರಿಯಲ್ಲಿ ನಿಂತು ದನಿ ತಗ್ಗಿಸಿ ಆಡಿದ ಜಗಳಗಳೆಲ್ಲ ನನ್ನ ಕಿವಿಗೆ ಬೀಳುತ್ತಿದ್ದವು. ಮಕ್ಕಳಿಗೆ ತಿಳಿಯಬಾರದ್ದನ್ನು ಆ ಕೋಣೆಯಲ್ಲಿ ಮಾತಾಡಿಕೊಳ್ಳುವುದೆಂದು ಅವರು ತೀರ್ಮಾನಿಸಿದ್ದರು, ಪಾಪ.

ಬಟ್ಟೆಬಾವಿಯನ್ನು ಶುದ್ಧವಾಗಿಡುವುದು ಅಮ್ಮನ ಶನಿವಾರದ ಪೂಜೆ. ಪಕ್ಕದ ಮನೆಯ ಮುದುಕಿ ಡೋರೀನ್ ಅದರ ವಿಧಿಯನ್ನು ಹೇಳಿಕೊಟ್ಟಿದ್ದಳು. ಕೊನೆಗೆ ಬೆರಳೆತ್ತಿ "ಕೀಪ್ ಇಟ್ ಡ್ರೈ, ಲವ್" ಎಂದು ಎಚ್ಚರಿಸಿದ್ದಳು. ಅಮ್ಮ ಹಳೆಯ ಕಾಟನ್ ಸೀರೆ ಹರಿದು ತೆಂಗಿನಕಾಯಿ ಗಾತ್ರದ ಉಂಡೆ ಕಟ್ಟಿ, ಅದಕ್ಕೆ ಹಗ್ಗ ಬಿಗಿದು, ವಿನಿಗರ್ ಸೋಕಿಸಿ ಚೆನ್ನಾಗಿ ಹಿಂಡಿ, ಮೇಲಿನಿಂದ ಇಳಿಬಿಟ್ಟು ಬಾವಿಯಿಂದ ಕೊಡ ಸೇದಿದ ಹಾಗೆ ಎಳೆಯುತ್ತಿದ್ದಳು. ಆಮೇಲೆ ಒಣ ಉಂಡೆ. ಆಮೇಲೆ ಮೇಲಿನ ಬಾಗಿಲು ಕೆಳಗಿನ ಬಾಗಿಲು ಎರಡನ್ನೂ ತೆರೆದಿಟ್ಟು ಒಂದು ಗಂಟೆ ಗಾಳಿ. ಒದ್ದೆ ಟವೆಲ್ ಹಾಕಕೂಡದು, ಜೇಬಿನಲ್ಲಿ ತಿಂಡಿಯ ಚೂರು ಇರಕೂಡದು, ತಮ್ಮ ಗುರು ಹಾಸಿಗೆ ಒದ್ದೆ ಮಾಡಿಕೊಂಡ ದಿನದ ಚಾದರವನ್ನು ಬಕೆಟ್ಟಿನಲ್ಲೇ ಇಳಿಸಬೇಕು. ಅಪ್ಪ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದರು. ದಿನವಿಡೀ ಊರಿನವರ ಕಫ, ರಕ್ತ, ಮೂತ್ರಗಳ ಸಹವಾಸ. ಅಮ್ಮನಿಗೆ ಅವರ ಅಂಗಿಯ ಮೇಲೆ ಕ್ರಿಮಿಗಳು ಬರಿಗಣ್ಣಿಗೇ ಕಾಣುತ್ತಿದ್ದವು.

"ನೀವು ಬಂದ್ರೆ ಬಾಗಿಲಲ್ಲೇ ನಿಂತ್ಕೊಳ್ಳಿ. ಮಗೂನ ಮುಟ್ಬೇಡಿ."

"ನಾ ಏನ್ ಪ್ಲೇಗ್ ತಂದೇನೇನ, ಸುಮಿತ್ರಾ?"

"ಯಾರಿಗ್ಗೊತ್ತು? ನೀವೇ ತಾನೆ ಮೈಕ್ರೋಸ್ಕೋಪಲ್ಲಿ ನೋಡೋದು."

ಅಮ್ಮ ಮೈಸೂರಿನವಳು, ಅಪ್ಪ ಧಾರವಾಡದವರು. ಇಬ್ಬರ ಕನ್ನಡವೂ ಬೇರೆ, ಹೆದರಿಕೆಯೂ ಬೇರೆ. ಅಪ್ಪ ಹೆದರುತ್ತಿದ್ದುದು ಒಬ್ಬರಿಗೆ ಮಾತ್ರ. ಅವರು ಆ ವರ್ಷದ ಬೇಸಿಗೆಯಲ್ಲಿ, ಅಂದರೆ ಇಲ್ಲಿಯ ಡಿಸೆಂಬರಿನಲ್ಲಿ, ಒಂದು ಟ್ರಂಕು ಮತ್ತು ಒಂದು ಹಿತ್ತಾಳೆ ತಂಬಿಗೆಯ ಸಮೇತ ವಿಮಾನದಿಂದ ಇಳಿದರು. ಅಪ್ಪನ ತಾಯಿ, ನಮ್ಮಜ್ಜಿ.

ಅಜ್ಜಿ ಮಡಿಯವಳು. ಸ್ನಾನ ಮಾಡಿ, ಯಾರೂ ಮುಟ್ಟದ ಹಾಗೆ ಎತ್ತರದ ಕೋಲಿನ ಮೇಲೆ ಒಣಗಿದ ಸೀರೆಯುಟ್ಟು, ಅಡಿಗೆಮನೆಯ ಗೋಡೆಯ ಗೂಡಿನಲ್ಲಿಟ್ಟ ದೇವರ ಪೂಜೆ ಮುಗಿಸಿದ ಮೇಲೆಯೇ ಬಾಯಿಗೆ ನೀರು. ಅಮ್ಮನ ಕ್ರಿಮಿಗಳೂ ಅಜ್ಜಿಯ ಮೈಲಿಗೆಯೂ ಒಂದೇ ಮನೆಯಲ್ಲಿ ಹೇಗೆ ಬಾಳುತ್ತವೋ ಎಂದು ಅಪ್ಪ ಕಂಗಾಲಾಗಿದ್ದರು. ಆಶ್ಚರ್ಯವೆಂದರೆ, ಮೊದಲ ಒಂದು ತಿಂಗಳು ಇಬ್ಬರೂ ಒಂದೇ ಪಕ್ಷ. ಆಸ್ಪತ್ರೆ ಅಂಗಿ ಒಳಗೆ ಬರಕೂಡದು, ಹೊರಗಿನ ಚಪ್ಪಲಿ ಹೊರಗೇ, ಕೈ ತೊಳೆಯದೆ ಡಬ್ಬಿ ಮುಟ್ಟಕೂಡದು. ಕಾರಣ ಮಾತ್ರ ಬೇರೆ. ಅವರ ಒಗ್ಗಟ್ಟು ಮುರಿದದ್ದು ಅಜ್ಜಿ ಬಟ್ಟೆಬಾವಿಯ ದಾರಿಯನ್ನು ಮನಸ್ಸಿನಲ್ಲೇ ಅಳೆದು ನೋಡಿದ ದಿನ. ಬಾವಿ ಶುರುವಾಗುವುದು ಮಹಡಿಯ ಬಚ್ಚಲ ಪಕ್ಕ, ಮುಗಿಯುವುದು ಕೆಳಗಿನ ಲಾಂಡ್ರಿಯಲ್ಲಿ. ನಡುವೆ ಅದು ಇಳಿಯುತ್ತಿದ್ದುದು ಅಡಿಗೆಮನೆಯ ಗೋಡೆಯೊಳಗೆ, ಸರಿಯಾಗಿ ದೇವರ ಗೂಡಿನ ಹಿಂದೆ.

"ಒಳಗಿನ ಬಟ್ಟಿ, ಹೊರಗಿನ ಬಟ್ಟಿ, ಹೇಸಿಗಿ ಬಟ್ಟಿ, ಎಲ್ಲಾ ದೇವರ ಬೆನ್ನ ಹಿಂದ ಹಾಯ್ದು ಹೋಗ್ತಾವ? ಇದೆಂಥಾ ಮನಿ ತೊಗೊಂಡ್ರ್ಯೋ!"

"ಅತ್ತೆ, ನಡುವೆ ಗೋಡೆ ಇದೆ."

"ಗ್ವಾಡಿ ನಮಗದ. ದೇವರಿಗೆಲ್ಲಿ ಗ್ವಾಡಿ?"

ದೇವರ ಗೂಡನ್ನು ಬೇರೆಡೆ ಇಡಲು ಅಜ್ಜಿ ಒಪ್ಪಲಿಲ್ಲ. ಪೂರ್ವಕ್ಕೆ ಮುಖವಿದ್ದ ಗೋಡೆ ಅದೊಂದೇ. ಬಟ್ಟೆಬಾವಿಗೆ ಬೀಗ ಹಾಕಲು ಅಮ್ಮ ಒಪ್ಪಲಿಲ್ಲ; ಈ ಮನೆಯಲ್ಲಿ ಆಕೆಗೆ ಇಷ್ಟವಾಗಿದ್ದುದೂ ಅದೊಂದೇ. ಅಪ್ಪ ಇಬ್ಬರ ನಡುವೆ ಪೇಪರ್ ಓದುತ್ತ ಕೂತರು. ಆಗ ಅಜ್ಜಿ ತಾನೇ ಒಂದು ಪರಿಹಾರ ಕಂಡುಕೊಂಡಳು, ಅದರಲ್ಲಿ ನನ್ನನ್ನು ಪಾಲುದಾರಳಾಗಿ ಸೇರಿಸಿಕೊಂಡಳು. ಪ್ರತಿ ಶುಕ್ರವಾರ, ಅಮ್ಮ ತರಕಾರಿಗೆಂದು ಹೊರಗೆ ಹೋದಾಗ, ನಾವಿಬ್ಬರೂ ಮಹಡಿ ಹತ್ತುತ್ತಿದ್ದೆವು. ತಂಬಿಗೆಯ ನೀರಿಗೆ ಒಂದು ಚಿಟಿಕೆ ಅರಿಶಿನ. ಅದು ಡ್ಯಾಂಡಿನಾಂಗಿನ ಇಂಡಿಯನ್ ಅಂಗಡಿಯಿಂದ ಅಪ್ಪ ತಂದ ಅರಿಶಿನ. "ಬಣ್ಣ ಅದ, ವಾಸನಿ ಇಲ್ಲ" ಎಂದು ಅಜ್ಜಿ ಎರಡು ಚಿಟಿಕೆ ಹಾಕುತ್ತಿದ್ದಳು. ಬಿಳಿ ಬಾಗಿಲು ತೆರೆದು, ಬಾಯಲ್ಲೇ ಏನೋ ಅನ್ನುತ್ತ, ಕೊಳವೆಯ ಹಿಂಬದಿಗೆ ತಂಬಿಗೆಯ ನೀರನ್ನು ಸಣ್ಣಗೆ ಸುರಿಯುತ್ತಿದ್ದಳು. ಊರಿನಲ್ಲಿ ಮೈಲಿಗೆಯಾದ ಜಾಗವನ್ನು ನೀರು ಹಾಕಿಯೇ ಅಲ್ಲವೆ ಶುದ್ಧ ಮಾಡುವುದು? ನೀರು ಹಾಕದೆ ಒಣಬಟ್ಟೆಯಲ್ಲಿ ಒರೆಸಿದ್ದನ್ನು ಸ್ವಚ್ಛವೆನ್ನುವವರು ಅವಳ ದೃಷ್ಟಿಯಲ್ಲಿ ಬರೀ ಸೋಮಾರಿಗಳು.

ಮೊದಲ ಸಲ ಸುರಿದಾಗ ನಾನು ಹೆದರಿ ಕೆಳಗೆ ಓಡಿದ್ದೆ. ಬುಟ್ಟಿ ಒದ್ದೆಯಾಗಿದ್ದರೆ ಅಮ್ಮನಿಗೆ ಗೊತ್ತಾಗುವುದಲ್ಲ! ಬುಟ್ಟಿ ಒಣಗಿಯೇ ಇತ್ತು. ಒಂದು ಹನಿಯೂ ಕೆಳಗೆ ಬಂದಿರಲಿಲ್ಲ.

"ಅಜ್ಜಿ, ನೀರು ಬರ್ಲೇ ಇಲ್ಲ!"

"ದೇವರು ಕುಡದಾನ ತೊಗೋ" ಎಂದಳು ಅಜ್ಜಿ, ತಂಬಿಗೆ ಬೋರಲು ಹಾಕುತ್ತ.

ಇದಕ್ಕಿಂತ ದೊಡ್ಡ ಪವಾಡವನ್ನು ನಾನು ಮುಂದೆಂದೂ ಕಂಡಿಲ್ಲ. ಬಾಕ್ಸ್ ಹಿಲ್‌ನಲ್ಲಿ, ನಮ್ಮ ಮನೆಯ ಗೋಡೆಯೊಳಗೆ, ದೇವರು ಬಾಯಿ ತೆರೆದುಕೊಂಡು ಕೂತಿದ್ದಾನೆ! ತಿರುವಿನಲ್ಲಿ ತಗಡಿಗೂ ತಗಡಿಗೂ ನಡುವಿನ ಬೆಸುಗೆ ಬಿಟ್ಟಿದೆ, ಅಲ್ಲಿಗೆ ಜೋಡಿಸಿದ್ದ ಪ್ಲೈವುಡ್ಡು ನೀರನ್ನೆಲ್ಲ ಹೀರಿಕೊಳ್ಳುತ್ತಿದೆ ಎಂದು ಹತ್ತು ವರ್ಷದ ಹುಡುಗಿಗೆ ಹೇಗೆ ಹೊಳೆಯಬೇಕು? ಶನಿವಾರ ಅಮ್ಮನ ಉಂಡೆಗೆ ತುಸು ಹಳದಿ ಹತ್ತುತ್ತಿತ್ತು. ಅದನ್ನು ಆಕೆ ಮೂಗಿನಿಂದ ಒಂದು ಮೊಳ ದೂರ ಹಿಡಿದು ನೋಡಿ, ಇದು ಲ್ಯಾಬಿನ ಯಾವುದೋ ಔಷಧದ ಬಣ್ಣವೇ ಸರಿ ಎಂದು ನಿರ್ಧರಿಸಿದಳು. ಅಪ್ಪನ ಅಂಗಿಗೆ ಬಟ್ಟೆಬಾವಿಯಿಂದ ಶಾಶ್ವತ ಬಹಿಷ್ಕಾರವಾಯಿತು.

ಮೇ ತಿಂಗಳ ಚಳಿ ಹೊಕ್ಕ ಕೂಡಲೆ ಅಜ್ಜಿಯ ಮಂಡಿ ಹಿಡಿದುಕೊಂಡವು. ಅಪ್ಪ ಅವಳ ಮಂಚವನ್ನು ಕೆಳಗಿನ ಹಾಲಿಗೆ ಇಳಿಸಿದರು. ದಿನವೂ ಸಂಜೆ ಅಮ್ಮ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಅವಳ ಮಂಡಿಗೆ ತಿಕ್ಕುತ್ತಿದ್ದಳು. ಎಷ್ಟೇ ಜಗಳವಿದ್ದರೂ ಅದನ್ನು ತಪ್ಪಿಸಲಿಲ್ಲ. ಮೆಟ್ಟಿಲು ಹತ್ತುವುದು ನಿಂತಿತು. ಶುಕ್ರವಾರ ನಾನು ಕಿವಿಯಲ್ಲಿ ಪಿಸುಗುಟ್ಟಿದೆ:

"ಅಜ್ಜಿ, ಬಾವಿಗೆ ನೀರು?"

"ಇರಲಿ ಬಿಡವಾ. ಇಷ್ಟ ದಿನಾ ಹಾಕೀವಿ. ಸಾಕು."

ಅಜ್ಜಿ ಸಾಕು ಎಂದಳು. ನನಗೆ ಸಾಕಾಗಲಿಲ್ಲ. ಏಕೆಂದರೆ ಸರಿಯಾಗಿ ಅದೇ ವಾರ ಗುರುವಿಗೆ ಕೆಮ್ಮು ಶುರುವಾಯಿತು. ಅವನಿಗೆ ಆಗ ಐದು ವರ್ಷ, ಸ್ಕೂಲಿನ ಮೊದಲ ವರ್ಷವಾದ ಪ್ರೆಪ್. ಕಡ್ಡಿಯಂಥ ಕುತ್ತಿಗೆ, ದೊಡ್ಡ ತಲೆ. ಕೆಮ್ಮಿದರೆ ಆ ತಲೆ ಎಲ್ಲಿ ಉದುರಿಹೋಗುತ್ತದೋ ಎನ್ನಿಸುತ್ತಿತ್ತು. ಅಜ್ಜಿ ಶುಂಠಿ, ಮೆಣಸು, ಬೆಲ್ಲ ಹಾಕಿ ಕಷಾಯ ಕುದಿಸಿ ಸ್ಟೀಲ್ ಲೋಟದಲ್ಲಿ ಕೊಡುತ್ತಿದ್ದಳು. ಅವನು ಅದನ್ನು ಹಿಡಿದುಕೊಂಡು "ಮೇಲೆ ಕೂತು ಕುಡೀತೀನಿ" ಎಂದು ಹತ್ತಿಹೋಗುತ್ತಿದ್ದ; ಐದು ನಿಮಿಷಕ್ಕೆ ಖಾಲಿ ಲೋಟ ಕೆಳಗೆ ಬರುತ್ತಿತ್ತು. "ಏನ್ ಶಾಣ್ಯಾ ಹುಡುಗ! ಮಾರಿ ಸುದ್ದಾ ಕಿವಚೂದಿಲ್ಲ" ಎಂದು ಅಜ್ಜಿ ಕೊಂಡಾಡುತ್ತಿದ್ದಳು. ಕೆಮ್ಮು ಮಾತ್ರ ಇಳಿಯಲಿಲ್ಲ. ನನ್ನ ತಲೆಯಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ನೀರು ನಿಂತಿತು, ಕೆಮ್ಮು ಬಂತು. ಗೋಡೆಯೊಳಗೆ ಕೂತವನಿಗೆ ಬಾಯಾರಿದೆ, ಸಿಟ್ಟು ಬಂದಿದೆ.

ತಂಬಿಗೆ ಮಹಡಿಯ ಬಚ್ಚಲಲ್ಲೇ ಉಳಿದಿತ್ತು. ಅರಿಶಿನವನ್ನು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಕದ್ದು ತಂದು ನನ್ನ ಹಾಸಿಗೆಯ ಕೆಳಗಿಟ್ಟೆ. ಸ್ಕೂಲಿನಿಂದ ಬಂದೊಡನೆ ಒಂದು ತಂಬಿಗೆ. ಶುಕ್ರವಾರ ಮಾತ್ರವಲ್ಲ, ದಿನವೂ. ಕೆಮ್ಮು ಹೆಚ್ಚಾಯಿತು. ದಿನಕ್ಕೆ ಎರಡು ತಂಬಿಗೆ ಮಾಡಿದೆ. ಕೆಮ್ಮಿನ ಜೊತೆ ಉಸಿರಿನಲ್ಲಿ ಒಂದು ಸಣ್ಣ ಸಿಳ್ಳೆ ಸೇರಿಕೊಂಡಿತು. ಬೆಳಿಗ್ಗೆ ಒಂದು, ಸಂಜೆ ಎರಡು ಮಾಡಿದೆ. ಈಗ ನಲವತ್ತೆಂಟರ ವಯಸ್ಸಿನಲ್ಲಿ ನಾನು ಸ್ಟವ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಕಾರು ತಿರುಗಿಸುವುದನ್ನು ನೋಡಿ ನನ್ನ ಗಂಡ ಮೋಹನ್ ನಗುತ್ತಾನೆ. ಅವನಿಗೆ ಗೊತ್ತಿಲ್ಲ: ನಾನು ಈಗ ಎಷ್ಟೋ ಸುಧಾರಿಸಿದ್ದೇನೆ.

ಗುರುವನ್ನು ನೋಡುತ್ತಿದ್ದ ಜಿಪಿ ಡಾಕ್ಟರು ಕೇಳಿದರಂತೆ, ಮನೆಯಲ್ಲಿ ಎಲ್ಲಾದರೂ ಬೂಷ್ಟು ಇದೆಯೇ, ತೇವ ಇದೆಯೇ ಎಂದು. ಅಮ್ಮ ಅಂದೇ ಯುದ್ಧಕ್ಕಿಳಿದಳು. ಕರ್ಟನ್ ಕಿತ್ತಳು, ಕಾರ್ಪೆಟ್ ತಿಕ್ಕಿದಳು, ಕಿಟಕಿಯ ಸಂದಿಗಳಿಗೆ ಬ್ಲೀಚ್ ಸುರಿದಳು. ಬ್ಲೀಚಿನ ಘಾಟಿಗೆ ಗುರು ಇನ್ನಷ್ಟು ಕೆಮ್ಮಿದ. ಬಟ್ಟೆಬಾವಿಯ ಮೇಲೆ ಮಾತ್ರ ಅವಳಿಗೆ ಅನುಮಾನ ಬರಲಿಲ್ಲ. ವಾರವಾರವೂ ತಾನೇ ಒರೆಸಿ ಗಾಳಿಗೆ ಬಿಡುವ ಜಾಗವಲ್ಲವೇ! ಆದರೆ ಬೂಷ್ಟು ಎಂಬ ಪದ ಕಿವಿಗೆ ಬಿದ್ದ ಆ ಮಧ್ಯಾಹ್ನ ನಾನು ಬಿಳಿ ಬಾಗಿಲು ತೆರೆದು, ಅಪ್ಪನ ಟಾರ್ಚನ್ನು ಒಳಗೆ ಹಿಡಿದೆ. ತಿರುವಿನ ಅಂಚಿನಲ್ಲಿ ತಗಡಿನ ಸಂದಿಯಿಂದ ಏನೋ ಕಪ್ಪಗೆ ಹೊರಗೆ ಇಣುಕುತ್ತಿತ್ತು, ನುಣುಪಾದ ರೋಮದಂತೆ. ವಾಸನೆ ಬಂತು, ಮರೆತು ಬಿಟ್ಟ ಊಟದ ಡಬ್ಬಿಯನ್ನು ರಜೆ ಮುಗಿದ ಮೇಲೆ ತೆರೆದಂಥ ವಾಸನೆ. ಬಾಗಿಲು ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಎಷ್ಟು ಸುಲಭವಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನನಗನ್ನಿಸಿದ್ದು ಒಂದೇ: ಅದು ಸಿಟ್ಟಾಗಿದೆ. ಮಾರನೆಯ ಬೆಳಿಗ್ಗೆ ಮೂರು ತಂಬಿಗೆ ಹಾಕಿ ಸ್ಕೂಲಿಗೆ ಹೋದೆ.

ಆ ದಿನ ಸಂಜೆ ನಾಲ್ಕರ ಹೊತ್ತಿಗೆ ಗುರು ಅಡಿಗೆಮನೆಯಲ್ಲಿ ಬ್ರೆಡ್ಡು ತಿನ್ನುತ್ತಿದ್ದವನು ತಿನ್ನುವುದನ್ನು ನಿಲ್ಲಿಸಿದ. ಎರಡೂ ಕೈಯನ್ನು ಮೇಜಿನ ಮೇಲೆ ಊರಿ, ಭುಜ ಎತ್ತಿ, ಉಸಿರನ್ನು ಎಲ್ಲಿಂದಲೋ ಎಳೆಯತೊಡಗಿದ. ಕತ್ತಿನ ಗುಂಡಿ ಒಳಗೆ ಹೋಗುತ್ತಿತ್ತು. ತುಟಿ ನೇರಳೆಯಾಯಿತು. ಅಮ್ಮ ಫೋನಿನಲ್ಲಿ ಬೀದಿಯ ಹೆಸರನ್ನು ಮೂರು ಸಲ ತಪ್ಪು ಹೇಳಿದಳು. ಅಜ್ಜಿ ಅವನ ಬೆನ್ನು ಸವರುತ್ತ "ಉಸಿರು ತೊಗೋ ಗುರ್ಯಾ, ತೊಗೋ ನನ್ನ ಬಂಗಾರಾ" ಎನ್ನುತ್ತಿದ್ದಳು. ನಾನು ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಿದ್ದೆ. ಆಂಬುಲೆನ್ಸಿನ ಹೆಂಗಸು ಅವನ ಮುಖಕ್ಕೆ ಮಾಸ್ಕ್ ಹಾಕಿ ಎತ್ತಿಕೊಂಡು ಹೋದಳು. ಮನೆಯಲ್ಲಿ ನಾನು ಮತ್ತು ಅಜ್ಜಿ ಇಬ್ಬರೇ ಉಳಿದಾಗ ಅವಳು ಕೇಳಿದಳು:

"ಯಾಕ ವೀಣಿ, ಕೈ ಹಳದಿ ಆಗ್ಯಾವ?"

ನಾನು ಕೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡೆ. ಅಜ್ಜಿ ಮತ್ತೆ ಕೇಳಲಿಲ್ಲ.

ಗುರು ಮೂರನೆಯ ದಿನ ಮನೆಗೆ ಬಂದ, ಜೇಬಿನಲ್ಲಿ ಉಸಿರಿಗೆ ಎಳೆದುಕೊಳ್ಳುವ ಔಷಧದ ನೀಲಿ ಪಫರ್ ಇಟ್ಟುಕೊಂಡು. ಮನೆಯನ್ನು ಸರಿಯಾಗಿ ಪರೀಕ್ಷೆ ಮಾಡಿಸಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಿಂದ ಅಪ್ಪ ಒಬ್ಬ ಬಿಲ್ಡರನ್ನು ಕರೆಸಿದರು. ಮೊಣಕಾಲು ಪ್ಯಾಡ್ ಕಟ್ಟಿಕೊಂಡ ದಪ್ಪ ಮನುಷ್ಯ. ಕೋಣೆ ಕೋಣೆಗೆ ಹೋಗಿ ಗೋಡೆ ಮೂಸಿದ. ಕೊನೆಗೆ ಅಡಿಗೆಮನೆಯಲ್ಲಿ ದೇವರ ಗೂಡಿನ ಎದುರು ನಿಂತು, ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟಿ, ಇದನ್ನು ತೆಗೆಯಬೇಕು ಎಂದ. ಅಜ್ಜಿ ದೇವರುಗಳನ್ನು ಒಂದೊಂದಾಗಿ ಇಳಿಸಿ ತನ್ನ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ಅವನು ಗೋಡೆಯ ಹಲಗೆ ಕೊಯ್ದು ಎಳೆದ. ಹಿಂದೆ ಪೂರ್ತಿ ಕಪ್ಪು. ದೇವರ ಬೆನ್ನ ಹಿಂದೆ, ಮೇಲಿನಿಂದ ಕೆಳಗಿನವರೆಗೆ, ಕಂಬಳಿ ಹೊದಿಸಿದಂಥ ಬೂಷ್ಟು. ಅದರ ನಡುವೆ ಸೀಳಿಕೊಂಡು ಇಳಿದ ಹಳದಿ ಗೆರೆಗಳು.

ಅವನು ಬೆರಳಿನಿಂದ ಮುಟ್ಟಿ ನೋಡಿದ. "ಸ್ಟಿಲ್ ವೆಟ್, ಮೇಟ್. ಅಂಟಂಟು ಬೇರೆ. ಈ ಹಳದಿ ಏನು?"

ಅಪ್ಪನಿಗೆ ತಿಳಿಯಲಿಲ್ಲ. ಅಮ್ಮ ಮುಂದೆ ಬಂದು ಮೂಸಿದಳು. ಅಂಗಡಿಯ ಸಪ್ಪೆ ಅರಿಶಿನವೇ ಆದರೂ, ಅಷ್ಟು ತಂಬಿಗೆ ಸುರಿದ ಮೇಲೆ ಅದರ ವಾಸನೆಯನ್ನು ಯಾವ ಬೂಷ್ಟೂ ಮುಚ್ಚಲಾರದು. ಅವಳು ನಿಧಾನವಾಗಿ ತಿರುಗಿ ಅಜ್ಜಿಯನ್ನು ನೋಡಿದಳು. ಅಜ್ಜಿ ನನ್ನನ್ನು ನೋಡಿದಳು. ಅರೆಗಳಿಗೆ, ಅಷ್ಟೇ. ಆಮೇಲೆ ಮಡಿಲಿನ ದೇವರುಗಳನ್ನು ನೋಡುತ್ತ ಹೇಳಿದಳು:

"ನಾನ ಹಾಕೀನಿ. ಶುದ್ಧ ಆಗಲಿ ಅಂತ ನೀರ ಹಾಕೀನಿ."

"ಯಾವಾಗಿಂದ ಅತ್ತೆ?"

"ಬಂದಾಗಿಂದ. ಮೊನ್ನಿ ಸುದ್ದಾ ಹಾಕೀನಿ."

"ನಿಮ್ಮ ಮಡಿಗೆ ನನ್ನ ಮಗೂನ ಬಲಿ ಕೊಡ್ತಿದ್ರಲ್ಲಾ!"

"ಸುಮಿತ್ರಾ!" ಎಂದರು ಅಪ್ಪ.

ನಾನು ಬಾಯಿ ತೆರೆದೆ. ತೆರೆದ ಬಾಯಿಂದ ಹೊರಬಂದದ್ದು ಗಾಳಿ ಮಾತ್ರ, ಬಟ್ಟೆಬಾವಿಯ ಬಾಯಿಂದ ಬಂದ ಹಾಗೆ. ಹೇಳಿದರೆ ನನ್ನನ್ನು ಪೊಲೀಸರು ಕರೆದೊಯ್ಯುತ್ತಾರೆ ಎಂದೇನೂ ನಾನು ಹೆದರಿರಲಿಲ್ಲ. ಅಮ್ಮ ಆಗಷ್ಟೇ ಅಜ್ಜಿಯನ್ನು ನೋಡಿದಳಲ್ಲ, ಆ ಕಣ್ಣಿನಿಂದ ನನ್ನನ್ನು ನೋಡುತ್ತಾಳೆ ಎಂದು ಹೆದರಿದೆ.

ಫ್ರಿಜ್ಜಿನ ಮೇಲೆ ಒಂದು ಕಂದು ಲಕೋಟೆ ಇತ್ತು. ಅಜ್ಜಿ ಖಾಯಮ್ಮಾಗಿ ನಮ್ಮ ಜೊತೆ ಉಳಿಯಲೆಂದು ಅಪ್ಪ ತಂದಿಟ್ಟಿದ್ದ ಪಿಆರ್ ಅರ್ಜಿ. ಅರ್ಧ ತುಂಬಿಸಿಯೂ ಆಗಿತ್ತು. ಬಿಲ್ಡರ್ ಗೋಡೆ ಮುಚ್ಚಿ, ಬಟ್ಟೆಬಾವಿಯ ಬಾಯಿಗೆ ಹಲಗೆ ಬಡಿದು ಹೋದ ವಾರವೇ ಆ ಲಕೋಟೆ ಅಲ್ಲಿಂದ ಮಾಯವಾಯಿತು. ಅಜ್ಜಿ ತಾನೇ ಹೇಳಿದಳಂತೆ, "ನಾ ಊರಿಗೆ ಹೋಗ್ತೀನೋ, ಇಲ್ಲೆ ಥಂಡಿ ಭಾಳ" ಎಂದು. ಅಮ್ಮ ಇರಿ ಎನ್ನಲಿಲ್ಲ. ಮಂಡಿಗೆ ಎಣ್ಣೆ ತಿಕ್ಕುವುದನ್ನೂ ನಿಲ್ಲಿಸಲಿಲ್ಲ. ಮಾತಾಡುವುದನ್ನು ಮಾತ್ರ ನಿಲ್ಲಿಸಿದಳು. ಹೊರಡುವ ದಿನ ಅಜ್ಜಿ ತಂಬಿಗೆಯನ್ನು ಟ್ರಂಕಿನಿಂದ ತೆಗೆದು ನನ್ನ ಕೈಗೆ ಕೊಟ್ಟಳು.

"ಭಾರ ಆಗ್ತದ. ನಿನ್ನ ಕಡೆ ಇರಲಿ."

ನಾನು ತಲೆ ಎತ್ತಲಿಲ್ಲ.

"ಒರಸಿ, ಒಣಾ ಇಡು. ತಿಳೀತೇನವಾ? ಒಣಾ ಇಡು."

ಅವಳು ಧಾರವಾಡದಲ್ಲಿ ನನ್ನ ಕಾಕಾನ ಮನೆಯಲ್ಲಿ ಇನ್ನೂ ಆರು ವರ್ಷ ಬದುಕಿದಳು. ಮತ್ತೆ ಬರಲಿಲ್ಲ. ಫೋನಿನಲ್ಲಿ ಪ್ರತಿಸಲವೂ ಮೊದಲ ಪ್ರಶ್ನೆ, "ಗುರ್ಯಾನ ಉಸಿರು ಹೆಂಗದ?" ಗುರುವಿನ ಉಸಿರು ಚೆನ್ನಾಗಿತ್ತು. ಗೋಡೆಯಿಂದಲೋ, ಪಫರಿನಿಂದಲೋ, ವಯಸ್ಸಿನಿಂದಲೋ, ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಹೇಳಿದ್ದರೂ ನಾನು ನಂಬುತ್ತಿರಲಿಲ್ಲ.

ಇಷ್ಟೆಲ್ಲ ಆದ ಮೇಲೂ ಸಿಡ್ನಿಯ ರೌಸ್ ಹಿಲ್‌ನಲ್ಲಿ ನಾವು ಕಟ್ಟಿಸಿದ ಮನೆಯಲ್ಲಿ ಲಾಂಡ್ರಿ ಚ್ಯೂಟ್ ಇದೆ. ಮೋಹನ್ ಬಿಲ್ಡರು ಮಾದರಿಗೆಂದು ಕಟ್ಟಿದ ಡಿಸ್‌ಪ್ಲೇ ಹೋಮಿನಲ್ಲಿ ಅದನ್ನು ನೋಡಿ ಮರುಳಾದ. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಕಾರಣ ಹೇಳುವುದಕ್ಕಿಂತ ಚ್ಯೂಟ್ ಹಾಕಿಸುವುದು ಸುಲಭವೆನಿಸಿತು. ತಿರುವಿಲ್ಲದ ನೆಟ್ಟನೆಯ ಸ್ಟೀಲ್ ಕೊಳವೆ. ಹಿಂದೆ ದೇವರಿಲ್ಲ, ಪ್ಲ್ಯಾನು ಹಿಡಿದು ನಾಲ್ಕು ಸಲ ನೋಡಿದ್ದೇನೆ. ಶನಿವಾರ ಬೆಳಿಗ್ಗೆ ಉದ್ದ ಬ್ರಷ್ಷಿನ ವ್ಯಾಕ್ಯೂಮು, ವಿನಿಗರ್ ಸೋಕಿಸಿ ಹಿಂಡಿದ ಉಂಡೆ, ಒಣ ಉಂಡೆ, ಆಮೇಲೆ ಎರಡೂ ಬಾಗಿಲು ತೆರೆದಿಟ್ಟು ಒಂದು ಗಂಟೆ ಗಾಳಿ. ಮಗಳು ಇರಾ "ಮಮ್, ಇಟ್ಸ್ ಅ ಪೈಪ್" ಎನ್ನುತ್ತಾಳೆ. ಅಜ್ಜಿಯ ತಂಬಿಗೆ ನನ್ನ ಲಾಂಡ್ರಿಯ ಶೆಲ್ಫಿನಲ್ಲಿದೆ, ಬಟ್ಟೆ ಕ್ಲಿಪ್ಪುಗಳನ್ನು ತುಂಬಿಕೊಂಡು. ಒಣಗಿದೆ.

ಈ ವರ್ಷ ಚಳಿಗಾಲದ ಸ್ಕೂಲ್ ರಜೆಗೆ ಗುರು ಮೆಲ್ಬರ್ನಿನಿಂದ ಬಂದ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅವನ ಜೊತೆಗಿದ್ದಾಳೆ, ಅವಳೂ ಬಂದಳು. ಶನಿವಾರ ನಾನು ಮಹಡಿಯಲ್ಲಿ ಹಗ್ಗ ಎಳೆಯುತ್ತಿದ್ದೆ. ಗುರು ಗೋಡೆಗೊರಗಿ ಕಾಫಿ ಕುಡಿಯುತ್ತ, ನಲವತ್ತಮೂರರ ತನ್ನ ಹೊಟ್ಟೆ ಸವರಿಕೊಳ್ಳುತ್ತ ನೋಡುತ್ತಿದ್ದ.

"ಅಕ್ಕಾ, ನಿಂಗಿದು ಹುಚ್ಚು ಕಣೇ. ಥೇಟ್ ಅಮ್ಮ."

ಅವತ್ತೇ ಯಾಕೆ ಹೇಳಿದೆನೋ ಗೊತ್ತಿಲ್ಲ. ಅವನ ಉಸಿರು ಎಷ್ಟು ಸಲೀಸಾಗಿ ಬಂದು ಹೋಗುತ್ತಿತ್ತು ಎಂಬುದನ್ನು ಕೇಳುತ್ತಿದ್ದುದಕ್ಕಿರಬೇಕು. ಕೈಯಲ್ಲಿ ಹಗ್ಗ ಹಿಡಿದುಕೊಂಡೇ ಹೇಳಿದೆ: ಅಜ್ಜಿ ನಿಲ್ಲಿಸಿದ್ದಳು, ಆಮೇಲೆ ಹಾಕಿದ್ದು ನಾನು, ದಿನಕ್ಕೆ ಒಂದು, ಎರಡು, ಮೂರು ತಂಬಿಗೆ, ನಿನಗೆ ಉಸಿರು ಕಟ್ಟಿದ ದಿನ ಬೆಳಿಗ್ಗೆಯೂ ಹಾಕಿದ್ದೆ. ಅವನು ಲೋಟವನ್ನು ನೆಲದ ಮೇಲಿಟ್ಟ. ನಗಲಿಲ್ಲ.

"ಅದು ಅಂಟಂಟಾಗಿತ್ತು ಅಂತ ಆ ಬಿಲ್ಡರ್ ಹೇಳಿದ್ದು ನೆನಪಿದ್ಯಾ?"

"ಹೂಂ."

"ಬೆಲ್ಲ. ಕಷಾಯದ್ದು. ನಾನು ಒಂದಿನಾನೂ ಕುಡೀಲಿಲ್ಲ ಕಣೇ, ಎಲ್ಲಾ ಬಾವಿಯೊಳಗೇ ಹುಯ್ತಿದ್ದೆ. ಅಜ್ಜಿ 'ನಾನ ಹಾಕೀನಿ' ಅಂದಾಗ, ನಾನು ಸೋಫಾ ಹಿಂದೆ ಇದ್ದೆ. ನನ್ನನ್ನ ಉಳಿಸೋಕೇ ಸುಳ್ಳು ಹೇಳಿದ್ಲು ಅಂತ ಇವತ್ತಿನ ತನಕ ಅಂದ್ಕೊಂಡಿದ್ದೆ."

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮೂವತ್ತೆಂಟು ವರ್ಷ ಇಬ್ಬರೂ ಒಂದೇ ಅಪರಾಧವನ್ನು ಬೇರೆ ಬೇರೆ ಕೋಣೆಯಲ್ಲಿ ಬಚ್ಚಿಟ್ಟುಕೊಂಡಿದ್ದೆವು. ನನ್ನ ಕಣ್ಣು ತುಂಬಿ ಬಂತು, ಭುಜದ ಮೇಲಿದ್ದ ಟವೆಲ್ಲಿನಿಂದ ಒರೆಸಿಕೊಂಡೆ.

"ಅಮ್ಮಂಗೆ ಹೇಳ್ಬೇಕಾ?" ಎಂದ ಗುರು.

"ಬೇಡ ಕಣೋ. ಈ ವಯಸ್ಸಲ್ಲಿ..."

"ವೀಣಾ."

ದನಿ ಬಂದದ್ದು ಗೋಡೆಯೊಳಗಿನಿಂದ. ನನ್ನ ಕೈಯಿಂದ ಹಗ್ಗ ಜಾರಿತು. ಎರಡೂ ಬಾಗಿಲು ತೆರೆದಿತ್ತು; ಕೆಳಗೆ ಲಾಂಡ್ರಿಯಲ್ಲಿ ಅಮ್ಮ ಬಟ್ಟೆ ಮಡಚುತ್ತ ಕೂತಿದ್ದಳು. ಬಾವಿಯಲ್ಲಿ ಮಾತು ಮೇಲೆ ಬರುತ್ತದೆಂದು ಹತ್ತನೆಯ ವಯಸ್ಸಿಗೇ ಕಂಡುಹಿಡಿದ ನನಗೆ, ಅದು ಕೆಳಗೂ ಹೋಗುತ್ತದೆ ಎಂದು ಈವರೆಗೂ ಹೊಳೆದಿರಲಿಲ್ಲ.

"ಹೇಳಮ್ಮ."

"ಅತ್ತೆ ಆ ಚಳಿಗಾಲ ಒಂದಿನಾನೂ ಮಹಡಿ ಹತ್ತಲಿಲ್ಲ."

"ಗೊತ್ತಮ್ಮ."

"ನಂಗೂ ಗೊತ್ತಿತ್ತು. ಮಂಡಿಗೆ ಎಣ್ಣೆ ಹಚ್ತಿದ್ದೋಳು ನಾನೇ ಅಲ್ವೇನೇ."

ಗುರು ನನ್ನ ತೋಳು ಹಿಡಿದುಕೊಂಡ. ಕೆಳಗೆ ಅಮ್ಮ ಬಟ್ಟೆ ಕೊಡವಿದ ಸದ್ದು ಕೇಳಿಸಿತು. ಮತ್ತೆ ಅವಳ ದನಿ ಬಂತು, ತಗಡಿನಲ್ಲಿ ತುಸು ನಡುಗಿಕೊಂಡು.

"ಮೊನ್ನೆ ಹಾಕ್ದೆ ಅಂದ್ರಲ್ಲ, ಹೆಂಗೆ ಹತ್ತಿದ್ರಿ ಅತ್ತೆ ಅಂತ ಒಂದು ಮಾತು ಕೇಳಿದ್ರೆ ಮುಗೀತಿತ್ತು. ಕೇಳಿದ್ರೆ ಇನ್ಯಾರು ಅನ್ನೋದು ಬರ್ತಿತ್ತು. ಅವ್ರೇ ಅಂತ ಇರ್ಲಿ ಅಂದ್ಕೊಂಡೆ. ಅವ್ರೂ ಹಾಗೇ ಅಂದ್ಕೊಂಡ್ರು."

ನಾನು ಬಾವಿಯ ಬಾಯಿಗೆ ಬಗ್ಗಿದೆ. ನೆಟ್ಟನೆಯ ಕೊಳವೆ, ತಿರುವಿಲ್ಲ. ತುದಿಯಲ್ಲಿ ಬೆಳಕಿನ ಚೌಕದೊಳಗೆ ಅಮ್ಮನ ಬಿಳಿ ನೆತ್ತಿ ಕಾಣಿಸಿತು, ಪಕ್ಕದಲ್ಲಿ ಶೆಲ್ಫಿನಿಂದ ಇಳಿಸಿಕೊಂಡಿದ್ದ ತಂಬಿಗೆ. ಅವಳು ಮೇಲೆ ನೋಡಲಿಲ್ಲ.

"ಏನಾದ್ರೂ ಬಟ್ಟೆ ಇದ್ರೆ ಕಳ್ಸಿ. ಮಷಿನ್ ಹಾಕ್ಬೇಕು."

ಕೈಯಲ್ಲಿ ಟವೆಲ್ ಒಂದೇ ಇತ್ತು. ಅದು ಒದ್ದೆಯಾಗಿತ್ತು.

"ಬಂತೂ" ಎಂದೆ.

ಕೆಳಗೆ ಸ್ವಲ್ಪ ಹೊತ್ತು ಏನೂ ಸದ್ದಿಲ್ಲ. ಹತ್ತು ವರ್ಷದವಳಂತೆಯೇ ಬಟ್ಟೆ ಹಿಡಿದುಕೊಂಡು ನಡುಗುತ್ತ ನಿಂತೆ.

"ಬರ್ಲಿ."

ಬಿಟ್ಟೆ. ಆ ಶನಿವಾರ ಎರಡೂ ಬಾಗಿಲನ್ನು ಒಂದು ಗಂಟೆಯ ಬದಲು ಎರಡು ಗಂಟೆ ತೆರೆದಿಟ್ಟೆ.